ಫ್ರೈಯರ್‌ನ ಗ್ಯಾಸ್ ವಾಲ್ವ್‌ಗೆ ಕೈ ಹಾಕುವ ಮೊದಲು

ಹುಬ್ಬಳ್ಳಿ-ಧಾರವಾಡದ ಮಿರ್ಚಿ ಅಂಗಡಿ, ಬೇಕರಿ, ಖಾನಾವಳಿಗಳಿಂದ ಗ್ಯಾಸ್ ಫ್ರೈಯರ್ (ಎಣ್ಣೆಯಲ್ಲಿ ಕರಿಯುವ ಯಂತ್ರ) ರಿಪೇರಿಗೆ ಬರುವ ಫೋನಿನಲ್ಲಿ ಹೆಚ್ಚಾಗಿ ಎರಡೇ ಮಾತು. “ಪೈಲಟ್ ನಿಂದ್ರವಲ್ದ್ರಿ” ಅನ್ನುವುದು ಒಂದು; ಪೈಲಟ್ ಅಂದರೆ ಬರ್ನರ್ ಹೊತ್ತಿಸಲು ಸದಾ ಉರಿಯುವ ಸಣ್ಣ ಜ್ವಾಲೆ. “ಪೈಲಟ್ ಐತ್ರಿ, ಬರ್ನರ್ ಹತ್ತವಲ್ದು” ಅನ್ನುವುದು ಇನ್ನೊಂದು. ಎರಡಕ್ಕೂ ಅವರೇ ಸೂಚಿಸುವ ಮದ್ದು ಒಂದೇ: ವಾಲ್ವ್ ಬದಲಿಸಿ. ವಾಲ್ವ್ ದುಬಾರಿ ಭಾಗ, ಆದರೆ ತಾನಾಗಿ ಕೆಡುವುದು ಕಡಿಮೆ. ನಾನು ಅದಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಪೈಲಟ್ ಸದಾ ಉರಿಯುವ ಈ ಬಗೆಯ ಫ್ರೈಯರ್‌ಗೆ ಹೆಚ್ಚಾಗಿ ಮನೆಯ ಕರೆಂಟು ಬೇಕಿಲ್ಲ. ಪೈಲಟ್ ಜ್ವಾಲೆಯಲ್ಲಿ ಕಾಯುವ ಥರ್ಮೋಪೈಲ್ ತಾನೇ ಕರೆಂಟು ಹುಟ್ಟಿಸುತ್ತದೆ. ಅದರ ಮೇಲೆ 750 ಮಿಲಿವೋಲ್ಟ್ ಎಂದು ಬರೆದಿದ್ದರೂ ಕೆಲಸದಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಈ ಕರೆಂಟು ಮೊದಲು ಹೈ-ಲಿಮಿಟ್ ಸ್ವಿಚ್ (ಎಣ್ಣೆ ಮಿತಿಮೀರಿ ಕಾದರೆ ಕರೆಂಟು ಕಡಿಯುವುದು) ದಾಟಿ ವಾಲ್ವ್‌ನೊಳಗಿನ ಪೈಲಟ್ ಕಾಯಿಲ್‌ಗೆ ಹೋಗಿ, ಪೈಲಟ್ ಗ್ಯಾಸಿನ ದಾರಿ ತೆರೆದೇ ಇರುವಂತೆ ಹಿಡಿಯುತ್ತದೆ. ಅಲ್ಲಿಂದ ಎಣ್ಣೆಯ ಬಿಸಿ ಹದದಲ್ಲಿಡುವ ಥರ್ಮೋಸ್ಟ್ಯಾಟ್ ಮೂಲಕ ಹೋಗಿ ಮುಖ್ಯ ಬರ್ನರ್‌ನ ಬಾಗಿಲು ತೆರೆಯುತ್ತದೆ. ಹಾಗಾಗಿ ಪೈಲಟ್ಟೇ ನಿಲ್ಲದಿದ್ದರೆ ತಪ್ಪು ಪೈಲಟ್, ಥರ್ಮೋಪೈಲ್ ಅಥವಾ ಹೈ-ಲಿಮಿಟ್‌ನಲ್ಲಿ ಇರಬೇಕು. ಪೈಲಟ್ ಗಟ್ಟಿಯಾಗಿ ನಿಂತು ಬರ್ನರ್ ಮಾತ್ರ ಹತ್ತದಿದ್ದರೆ ಥರ್ಮೋಸ್ಟ್ಯಾಟ್ ಕಡೆ ನೋಡಬೇಕು, ಇಲ್ಲವೇ ಮಿಲಿವೋಲ್ಟ್ ಸಾಲುತ್ತಿಲ್ಲ. ಅರ್ಧ ರೋಗ ಫೋನಿನಲ್ಲೇ ಗೊತ್ತಾಗುವುದು ಹೀಗೆ.

ಅಂಗಡಿಗೆ ಹೋದ ಮೇಲೆ ಮೊದಲು ನೋಡುವುದು ಗ್ಯಾಸಿನ ಒತ್ತಡ. ಅದಕ್ಕೆ ದೊಡ್ಡ ಮೀಟರ್ ಬೇಕಿಲ್ಲ. ಒಂದೂವರೆ ಮೀಟರ್ ಪಾರದರ್ಶಕ ಪೈಪನ್ನು ಇಂಗ್ಲಿಷಿನ ‘ಯು’ ಅಕ್ಷರದ ಹಾಗೆ ಬಾಗಿಸಿ ಹಲಗೆಗೆ ಬಿಗಿದು, ಅರ್ಧದವರೆಗೆ ಬಣ್ಣದ ನೀರು ತುಂಬಿದರೆ ಆಯಿತು. ಗ್ಯಾಸ್ ಬಂದ್ ಮಾಡಿ, ವಾಲ್ವ್‌ನಿಂದ ಗ್ಯಾಸ್ ಹೊರಹೋಗುವ ಬದಿಯ ಸಣ್ಣ ಪ್ಲಗ್ ಬಿಚ್ಚಿ, ಅಲ್ಲಿ ನಿಪ್ಪಲ್ ಹಾಕಿ ಪೈಪಿನ ಒಂದು ತುದಿ ಸೇರಿಸುತ್ತೇನೆ. ಬರ್ನರ್ ಉರಿಯುವಾಗ ಎರಡೂ ಕಾಲುಗಳ ನೀರಿನ ಮಟ್ಟದ ವ್ಯತ್ಯಾಸ ಎಲ್‌ಪಿಜಿಗೆ ಸುಮಾರು 250 ಮಿಲಿಮೀಟರ್ ಇರಬೇಕು. ಒಂದು ಕಾಲಿನಲ್ಲಿ ನೀರು ಏರಿದ್ದನ್ನಷ್ಟೇ ಅಳೆದು 125 ಓದಿ, ಒತ್ತಡ ಕಡಿಮೆ ಎಂದು ಸ್ಕ್ರೂ ತಿರುವುವವರಿದ್ದಾರೆ. ಏರಿದ್ದು, ಇಳಿದದ್ದು ಎರಡನ್ನೂ ಕೂಡಿಸಬೇಕು. ಅಂಗಡಿಯ ಉಳಿದ ಒಲೆಗಳನ್ನೆಲ್ಲ ಹೊತ್ತಿಸಿಯೇ ಓದಬೇಕು. ಫ್ರೈಯರ್ ಒಂದೇ ಉರಿಯುವಾಗ 250 ತೋರಿಸಿ, ಪಕ್ಕದ ಭಟ್ಟಿ ಹೊತ್ತಿಸಿದಾಗ 150ಕ್ಕೆ ಬಿದ್ದರೆ ಪೈಪು ಸಣ್ಣದಾಯಿತು ಅಥವಾ ರೆಗ್ಯುಲೇಟರ್ ಸಾಲದಾಯಿತು.

ನಮ್ಮ ಕಡೆ ವಾಲ್ವ್ ಸಾಯುವುದಕ್ಕೆ ದೊಡ್ಡ ಕಾರಣ ಭಟ್ಟಿಯ ರೆಗ್ಯುಲೇಟರ್. ಇಂಥ ವಾಲ್ವ್‌ಗಳು ತಡೆಯುವ ಒತ್ತಡ ಸುಮಾರು 350 ಮಿಲಿಮೀಟರ್ ನೀರಿನಷ್ಟು. ಭಟ್ಟಿಗೆ ಹಾಕುವ ಹೈ-ಪ್ರೆಷರ್ ರೆಗ್ಯುಲೇಟರನ್ನು ಅರ್ಧ ಕೆಜಿಗೆ (ಚದರ ಸೆಂಟಿಮೀಟರ್‌ಗೆ) ತಿರುವಿದರೆ ಅದು 5 ಮೀಟರ್ ನೀರಿನ ಒತ್ತಡ. ಒಳಗಿನ ತೆಳು ರಬ್ಬರ್ ಪೊರೆ ಹರಿಯುತ್ತದೆ, ಇಲ್ಲವೇ ವಾಲ್ವ್ ಪೂರ್ತಿ ಮುಚ್ಚದೆ ಗ್ಯಾಸ್ ಸೋರುತ್ತದೆ. ಫ್ರೈಯರ್‌ಗೆ ಕಡಿಮೆ ಒತ್ತಡದ ರೆಗ್ಯುಲೇಟರನ್ನು ಪ್ರತ್ಯೇಕವಾಗಿ, ಯಂತ್ರದ ಹತ್ತಿರವೇ ಕೂರಿಸಬೇಕು. ಇದನ್ನು ಸರಿಪಡಿಸದೆ ಹೊಸ ವಾಲ್ವ್ ಹಾಕಿದರೆ ಅದೂ ಹಾಳಾಗುತ್ತದೆ.

ಚಳಿಗಾಲದ ಬೆಳಗ್ಗೆ ಮಾತ್ರ ಬರ್ನರ್ ಸೊರಗಿದರೆ ಸಿಲಿಂಡರ್ ಮುಟ್ಟಿ ನೋಡಿ. 26 ಕಿಲೋವ್ಯಾಟ್‌ನ ಫ್ರೈಯರ್ ಪೂರ್ತಿ ಉರಿಗೆ ತಾಸಿಗೆ ಸುಮಾರು 2 ಕೆಜಿ ಗ್ಯಾಸ್ ಕುಡಿಯುತ್ತದೆ. 19 ಕೆಜಿಯ ಒಂದೇ ಸಿಲಿಂಡರ್‌ನಿಂದ ಅಷ್ಟು ವೇಗವಾಗಿ ಎಳೆದರೆ ಒಳಗಿನ ದ್ರವ ತಣ್ಣಗಾಗಿ ಒತ್ತಡ ಬೀಳುತ್ತದೆ, ಹೊರಗೆ ಬೆವರು, ಕೆಲವೊಮ್ಮೆ ಹಿಮ ಕಟ್ಟುತ್ತದೆ. ಅದರ ಮೇಲೆ ಬಿಸಿನೀರು ಸುರಿಯಬೇಡಿ. ಎರಡು-ಮೂರು ಸಿಲಿಂಡರ್ ಒಟ್ಟಿಗೆ ಜೋಡಿಸಿ.

ಒತ್ತಡ ಸರಿ ಇದ್ದರೆ ಪೈಲಟ್ ಕಡೆ ಬಗ್ಗಬೇಕು. ಜ್ವಾಲೆ ನೀಲಿಯಾಗಿದ್ದು, ಥರ್ಮೋಪೈಲ್‌ನ ಮೇಲಿನ 10-12 ಮಿಲಿಮೀಟರ್ ಭಾಗವನ್ನು ಸುತ್ತುವರಿದಿರಬೇಕು. ಮಿರ್ಚಿ ಅಂಗಡಿಗಳಲ್ಲಿ ಇದು ಕೆಡುವುದು ಕಡ್ಲಿ ಹಿಟ್ಟಿನಿಂದ. ಹಿಟ್ಟು ಜರಡಿ ಹಿಡಿಯುವ ಜಾಗ ಫ್ರೈಯರ್ ಪಕ್ಕದಲ್ಲೇ ಇದ್ದರೆ, ಗಾಳಿಯಲ್ಲಿ ಹಾರುವ ಧೂಳು ಎಣ್ಣೆಯ ಹಬೆಯೊಂದಿಗೆ ಸೇರಿ ಪೈಲಟ್‌ನ ಗಾಳಿ ತೂತಿನಲ್ಲಿ ಹಳದಿ ಅಂಟಾಗಿ ಕೂರುತ್ತದೆ. ಗಾಳಿ ಕಡಿಮೆಯಾಗಿ ಜ್ವಾಲೆ ಹಳದಿಗೆ ತಿರುಗುತ್ತದೆ, ಮೆತ್ತಗೆ ಓಲಾಡುತ್ತದೆ, ಥರ್ಮೋಪೈಲ್‌ಗೆ ಕರಿ ಹಿಡಿಯುತ್ತದೆ. ಪೈಲಟ್ ಬಿಚ್ಚಿ ಬ್ರಷ್‌ನಿಂದ ಉಜ್ಜಿ ಗಾಳಿ ಊದಿದರೆ ಸಾಕು. ಗ್ಯಾಸ್ ಚಿಮ್ಮುವ ಜೆಟ್‌ಗೆ ಸೂಜಿ ಹಾಕಬೇಡಿ. ಅಷ್ಟು ಸಣ್ಣ ತೂತು ಕೂದಲೆಳೆಯಷ್ಟು ಅಗಲವಾದರೂ ಪೈಲಟ್ ಹದ ತಪ್ಪುತ್ತದೆ. ಹಿಟ್ಟಿನ ಡಬ್ಬಿಯನ್ನು ಇನ್ನೊಂದು ಮೂಲೆಗೆ ಸರಿಸಿದರೆ ಅದೇ ಕೆಲಸಕ್ಕೆ ಮತ್ತೆ ಮತ್ತೆ ಹೋಗುವುದು ತಪ್ಪುತ್ತದೆ.

ಪೈಲಟ್ ಹೊತ್ತಿಸಿ ವಾಲ್ವ್‌ನ ಗುಬ್ಬಿಯನ್ನು ಪೂರ್ತಿ ಒಂದು ನಿಮಿಷ ಒತ್ತಿ ಹಿಡಿದು ಬಿಡಬೇಕು. ಆಮೇಲೆ ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗಿಟ್ಟು ಥರ್ಮೋಪೈಲ್‌ನ ಎರಡು ಟರ್ಮಿನಲ್ ಮುಟ್ಟುತ್ತೇನೆ. ಬರ್ನರ್ ಆರಿರುವಾಗ 400ಕ್ಕಿಂತ ಮೇಲಿದ್ದರೆ ಆರೋಗ್ಯ. 300ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಸ್ವಚ್ಛ ಮಾಡಿ ನೋಡಿ, ಏರದಿದ್ದರೆ ಥರ್ಮೋಪೈಲ್ ಬದಲಿಸುತ್ತೇನೆ. ಮಿಲಿವೋಲ್ಟ್ ಚೆನ್ನಾಗಿದ್ದೂ ಬರ್ನರ್ ಹತ್ತದಿದ್ದರೆ, ಥರ್ಮೋಸ್ಟ್ಯಾಟನ್ನು ಮೇಲಕ್ಕೆ ತಿರುವಿ ಅದರ ಎರಡು ತುದಿಗಳ ನಡುವೆ ಓದುತ್ತೇನೆ. ಸಂಪರ್ಕ ಸ್ವಚ್ಛವಿದ್ದರೆ ಹತ್ತಿರ ಹತ್ತಿರ ಸೊನ್ನೆ. ನೂರಿನ ಲೆಕ್ಕದಲ್ಲಿ ಬಂದರೆ ಕರೆಂಟು ಅಲ್ಲೇ ನಿಂತಿದೆ. ಈ ಸರ್ಕ್ಯೂಟಿನಲ್ಲಿ ಒಂದು ಓಮ್ ಅಡ್ಡಿಯೂ ದೊಡ್ಡದು. ತಂತಿ ತುದಿಯ ಲಗ್ಗುಗಳ ಮೇಲಿನ ಎಣ್ಣೆ ಪೊರೆ ಒರೆಸಿ ಬಿಗಿದಷ್ಟಕ್ಕೇ ಎಷ್ಟೋ ಫ್ರೈಯರ್ ಎದ್ದಿವೆ.

ಎಣ್ಣೆಯೊಳಗಿದ್ದು ಬಿಸಿ ಗುರುತಿಸುವ ಥರ್ಮೋಸ್ಟ್ಯಾಟ್‌ನ ಬಲ್ಬ್ ಮೇಲೆ ಕರಿ ಕಟ್ಟಿದರೆ ಅದಕ್ಕೆ ಬಿಸಿ ತಡವಾಗಿ ತಿಳಿಯುತ್ತದೆ. 180 ಡಿಗ್ರಿಗೆ ಇಟ್ಟರೂ ಎಣ್ಣೆ 195 ಮುಟ್ಟಿ, ಮಿರ್ಚಿ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಬೇರೆ ಥರ್ಮಾಮೀಟರನ್ನು ಎಣ್ಣೆಯ ನಡುಭಾಗಕ್ಕಿಟ್ಟು, ಬರ್ನರ್ ಮೂರು ಸಲ ಹತ್ತಿ ಆರುವವರೆಗೆ ಕಾದು, ಆಮೇಲಷ್ಟೇ ಗುಂಡಿ ಹೊಂದಿಸಿ.

ಹುಬ್ಬಳ್ಳಿ-ಧಾರವಾಡಕ್ಕೆ ಪೈಪ್ ಗ್ಯಾಸ್ (ನೈಸರ್ಗಿಕ ಅನಿಲ) ಬಂದ ಮೇಲೆ ಎಲ್‌ಪಿಜಿ ಫ್ರೈಯರನ್ನು ಹಾಗೇ ಅದಕ್ಕೆ ಸೇರಿಸಿ ಉರಿ ಸಾಲುತ್ತಿಲ್ಲ ಎನ್ನುವವರಿದ್ದಾರೆ. ಬರ್ನರ್ ಜೆಟ್, ಪೈಲಟ್ ಜೆಟ್, ವಾಲ್ವ್‌ನ ರೆಗ್ಯುಲೇಟರ್ ಸ್ಪ್ರಿಂಗ್ ಮೂರೂ ಬದಲಾಗಬೇಕು, ಒತ್ತಡ ಸುಮಾರು 100 ಮಿಲಿಮೀಟರ್‌ಗೆ ಇಳಿಯಬೇಕು. ಪೈಪ್ ಗ್ಯಾಸಿನ ಜೆಟ್ ಇಟ್ಟುಕೊಂಡೇ ಎಲ್‌ಪಿಜಿಗೆ ಮರಳಿದರೆ ಜ್ವಾಲೆ ಎಣ್ಣೆಯೊಳಗೆ ಹಾಯುವ ಉರಿ ಕೊಳವೆಯಿಂದ ಹೊರಗೆ ಚಾಚುತ್ತದೆ.

ಹೈ-ಲಿಮಿಟ್ ಮಾತ್ರ ಹಗುರವಾಗಿ ನೋಡುವ ವಸ್ತುವಲ್ಲ. ಥರ್ಮೋಸ್ಟ್ಯಾಟ್ ಸಿಕ್ಕಿಕೊಂಡು ಬರ್ನರ್ ಆರದೇ ಹೋದಾಗ, ಸುಮಾರು 230 ಡಿಗ್ರಿಯಲ್ಲಿ ಪೈಲಟ್ ಸಮೇತ ಎಲ್ಲ ಗ್ಯಾಸನ್ನೂ ನಿಲ್ಲಿಸುವುದು ಅದೊಂದೇ. ಅದು ಪದೇ ಪದೇ ಬೀಳುತ್ತದೆ (ಕರೆಂಟು ಕಡಿಯುತ್ತದೆ) ಎಂದು ಎರಡು ಲಗ್ಗಿಗೂ ತಂತಿ ಸುತ್ತಿದ ಫ್ರೈಯರ್ ಕಂಡರೆ ಅಲ್ಲೇ ಗ್ಯಾಸ್ ಬಂದ್ ಮಾಡಿಸುತ್ತೇನೆ. ಬೀಳುವುದಕ್ಕೆ ಕಾರಣ ಬೇರೆ ಇರುತ್ತದೆ: ಕೆಟ್ಟ ಥರ್ಮೋಸ್ಟ್ಯಾಟ್, ಮಟ್ಟಕ್ಕಿಂತ ಕಡಿಮೆ ಎಣ್ಣೆ, ಅಥವಾ ಗಟ್ಟಿ ಡಾಲ್ಡಾ ತುಂಬಿ ಒಮ್ಮೆಗೇ ಪೂರ್ತಿ ಉರಿ ಕೊಟ್ಟದ್ದು. ಡಾಲ್ಡಾ ಕರಗಿಸುವಾಗ ಬರ್ನರ್ 10 ಸೆಕೆಂಡ್ ಹೊತ್ತಿಸಿ ಅರ್ಧ ನಿಮಿಷ ಬಿಡಬೇಕು, ಕೊಳವೆಗಳು ಪೂರ್ತಿ ಮುಳುಗುವವರೆಗೂ.

ಎಲ್ಲ ಜೋಡಿಸಿ, ಒತ್ತಡ ನೋಡಿದ ಪ್ಲಗ್ ಮರಳಿ ಬಿಗಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚುತ್ತೇನೆ, ಕಡ್ಡಿ ಗೀರಿ ಅಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತದೆ. ಪೈಲಟ್ ಆರಿದರೆ ಐದು ನಿಮಿಷ ಕಾದು, ಬಗ್ಗಿ ನೆಲದ ಹತ್ತಿರ ವಾಸನೆ ನೋಡಿಯೇ ಮತ್ತೆ ಹೊತ್ತಿಸುವಂತೆ ಫ್ರೈಯರ್ ನಡೆಸುವ ಹುಡುಗನಿಗೆ ಎದುರಿಗೇ ನಿಲ್ಲಿಸಿ ಮಾಡಿ ತೋರಿಸುತ್ತೇನೆ.