ಹಿಂದಕ್ಕೆ ಜಗ್ಗುವ ಕ್ಯಾಮೆರಾಗೆ ಸರಿಯಾದ ಪ್ಲೇಟ್: ನನ್ನ ಅನುಭವ

ಗಿಂಬಲ್ ಅಂದರೆ ಕೈಯಲ್ಲಿ ಹಿಡಿದ ಕ್ಯಾಮೆರಾ ಅಲುಗದಂತೆ ಮೋಟಾರಿನಿಂದ ನಿಲ್ಲಿಸುವ ಸಾಧನ. ‘ಈ ಬಾಡಿ ಆ ಗಿಂಬಲ್ ಮೇಲೆ ಕೂರೋದಿಲ್ಲ, ದೊಡ್ಡದು ತಗೊಳ್ಳಿ’ ಎಂದವರೇ ಎಲ್ಲ. ಕೂತಿದೆ. ಮೋಟಾರ್ ಆಫ್ ಮಾಡಿ ಲೆನ್ಸನ್ನು ಆಕಾಶಕ್ಕೆ, ನೆಲಕ್ಕೆ, ನಡುವೆ ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಬದಲಾದದ್ದು ಪ್ಲೇಟ್ ಒಂದೇ, ಅಂದರೆ ಕ್ಯಾಮೆರಾದ ತಳಕ್ಕೆ ಸ್ಕ್ರೂ ಹಾಕಿ ಗಿಂಬಲ್‌ನ ಕ್ಲಾಂಪಿಗೆ ಸಿಕ್ಕಿಸುವ ಪಟ್ಟಿ.

ಸಾಮಾನು ಇಷ್ಟು: 890 ಗ್ರಾಮಿನ ಸೋನಿ ಎಫ್‌ಎಕ್ಸ್6 ಬಾಡಿ, ಬೆನ್ನಿಗೆ ದೊಡ್ಡ ಬ್ಯಾಟರಿ ಸಿಕ್ಕಿಸುವ ವಿ-ಮೌಂಟ್ ಅಡಾಪ್ಟರ್, ಅದರ ಮೇಲೆ 600 ಗ್ರಾಂ ಹತ್ತಿರದ ಮಿನಿ ಬ್ಯಾಟರಿ. ಮುಂದೆ 695 ಗ್ರಾಮಿನ 24-70 ಜಿಎಂ ಜೂಮ್ ಲೆನ್ಸಿನ ಎರಡನೇ ಆವೃತ್ತಿ, ಇಲ್ಲವೇ 280 ಗ್ರಾಮಿನ 35 ಎಫ್1.8 ಲೆನ್ಸ್. ಟಾಪ್ ಹ್ಯಾಂಡಲ್, ಮಾನಿಟರ್ ಎರಡೂ ತೆಗೆದಿದ್ದೇನೆ. ಎಲ್ಲ ಸೇರಿ ಎರಡೂ ಮುಕ್ಕಾಲು ಕೆಜಿ ಆಸುಪಾಸು. ಗಿಂಬಲ್ 4.5 ಕೆಜಿ ಹೊರುವ ವರ್ಗದ್ದು, ಹಾಗಾಗಿ ತೂಕ ತೊಂದರೆಯೇ ಅಲ್ಲ. ತೊಂದರೆ ಬ್ಯಾಟರಿಯ ಹಿಂಭಾರ. ಅದು ಸರಿದೂಗಲು ಕ್ಯಾಮೆರಾವನ್ನು ಮುಂದಕ್ಕೆ ತಳ್ಳಬೇಕು, ಆದರೆ ಪೂರಾ ತಳ್ಳುವ ಮೊದಲೇ ಪ್ಲೇಟಿನ ಬಾಲ ಕ್ಲಾಂಪಿನಿಂದ ಹೊರಬರುತ್ತಿತ್ತು. ನನಗೆ ಕಡಿಮೆ ಬಿದ್ದದ್ದು ಬರೀ 20 ಮಿ.ಮೀ.

ಆ 20 ಮಿ.ಮೀ.ಗೆ ಮೊದಲು ಎಲ್ಲರಂತೆ ಮುಂದೆ ತೂಕ ಕಟ್ಟಿದೆ. ಲೆಕ್ಕ ಸರಳ: 2,700 ಗ್ರಾಂ ಗುಣಿಸು 20 ಅಂದರೆ 54,000. ಟಿಲ್ಟ್ ಅಚ್ಚಿನಿಂದ (ಲೆನ್ಸ್ ಮೇಲೆ ಕೆಳಗೆ ತಿರುಗುವ ಅಚ್ಚು) 120 ಮಿ.ಮೀ. ಮುಂದೆ ತೂಕ ಕೂರಿಸಿದರೆ 450 ಗ್ರಾಂ ಬೇಕು. 15 ಮಿ.ಮೀ. ರಾಡ್ ಹಾಕಿ ಕಟ್ಟಿದೆ, ನಿಂತಿತು. ಆದರೆ ಅರ್ಧ ಕೆಜಿ ಸತ್ತ ತೂಕವನ್ನು ದಿನವಿಡೀ ಕೈಯಲ್ಲಿ ಹಿಡಿಯುವವರು ನಾವು, ಗಿಂಬಲ್ ಅಲ್ಲ. ಅದೂ ಅಲ್ಲದೆ ರಾಡಿನ ತುದಿಯ ತೂಕ ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ, ಮೋಟಾರ್ ಅದನ್ನು ಹಿಡಿಯಲು ಹೋಗಿ ಗುಂಯ್ ಎನ್ನುತ್ತದೆ. ತೂಕ ಹಾಕಲೇಬೇಕಿದ್ದರೆ ಕೆಲಸಕ್ಕೆ ಬರುವ ತೂಕ ಹಾಕಿ. ಫೋಕಸ್ ತಿರುಗಿಸುವ ಫಾಲೋ ಫೋಕಸ್ ಮೋಟಾರನ್ನು ಆದಷ್ಟು ಮುಂದೆ ತನ್ನಿ, ಲೆನ್ಸಿನ ಮುಂದೆ ಬೆಳಕು ತಡೆಯುವ ಮ್ಯಾಟ್ ಬಾಕ್ಸ್ ಇದ್ದರೆ ಬಿಚ್ಚಬೇಡಿ.

ಆಮೇಲೆ ಪ್ಲೇಟುಗಳ ಸರದಿ. ಮೂರು ತಪ್ಪು ಪ್ಲೇಟಿಗೆ ಸುರಿದ ದುಡ್ಡಿಗೆ ಇನ್ನೊಂದು ಒಳ್ಳೆಯ ವಿ-ಮೌಂಟ್ ಬ್ಯಾಟರಿ ಬರುತ್ತಿತ್ತು. ಮೊದಲನೆಯದು ಕ್ವಿಕ್ ರಿಲೀಸ್ ಜೋಡಿ, ಒಂದರ ಮೇಲೊಂದು. ಅಳತೆಗೆ ಸಿಕ್ಕಿತು, ಆದರೆ ಕ್ಯಾಮೆರಾ 22 ಮಿ.ಮೀ. ಮೇಲೇರಿತು. ಲೆನ್ಸ್ ಮೇಲೆ ಮಾಡಿ ಬಿಟ್ಟರೆ ದಬಕ್ಕನೆ ಮಗುಚುತ್ತಿತ್ತು, ಇಳಿಸೋಣವೆಂದರೆ ಎತ್ತರದ ಹೊಂದಾಣಿಕೆ ಅಲ್ಲಿಗೇ ಮುಗಿದಿತ್ತು. ಎರಡು ಕ್ಲಾಂಪ್ ಇದ್ದಲ್ಲಿ ಸಡಿಲವೂ ಎರಡು ಕಡೆ. ಎರಡನೆಯದು 200 ಮಿ.ಮೀ. ಉದ್ದದ ಪಟ್ಟಿ, ‘ಉದ್ದ ಇದ್ದರೆ ಸಾಕು’ ಎಂಬ ಭ್ರಮೆಯ ಫಲ. ಕ್ಯಾಮೆರಾ ಮುಂದೆ ಬಂತು, ಪಟ್ಟಿಯ ಬಾಲ ಹೋಗಿ ಹಿಂದಿರುವ ರೋಲ್ ಮೋಟಾರಿಗೆ (ಕ್ಯಾಮೆರಾವನ್ನು ಎಡ ಬಲಕ್ಕೆ ವಾಲಿಸುವುದು) ಬಡಿಯಿತು. ಮೂರನೆಯದರ ಉದ್ದ ಸರಿಯಿತ್ತು, ದಪ್ಪ 6 ಮಿ.ಮೀ. ಮಾತ್ರ. ಲೆನ್ಸಿನ ತುದಿಯನ್ನು ಬೆರಳಲ್ಲಿ ತಟ್ಟಿದರೆ ಚಿತ್ರ ಮೂರು ನಾಲ್ಕು ಸಲ ನಡುಗಿ ನಿಲ್ಲುತ್ತಿತ್ತು. ಪಟ್ಟಿ ಬಾಗುವುದು ದಪ್ಪದ ಘನಕ್ಕೆ ವಿಲೋಮ, ಆದ್ದರಿಂದ 6ರಿಂದ 8ಕ್ಕೆ ಹೋದರೆ ಬಾಗು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕೊಡುವ ಬೆಲೆ 2 ಮಿ.ಮೀ. ಎತ್ತರ ಅಷ್ಟೇ.

ಕೊನೆಗೆ ತಿಳಿದದ್ದು: ನೋಡಬೇಕಾದದ್ದು ಪ್ಲೇಟಿನ ಒಟ್ಟು ಉದ್ದವನ್ನಲ್ಲ, ಸ್ಕ್ರೂ ತೂತಿನಿಂದ ಹಿಂದಕ್ಕೆ ಎಷ್ಟು ಬಾಲ ಇದೆ ಎಂಬುದನ್ನು. ಅಂಗಡಿಯ ಪಟ್ಟಿಯಲ್ಲಿ ಈ ಅಳತೆ ಬರೆದಿರುವುದಿಲ್ಲ, ಫೋಟೋ ನೋಡಿ ಅಳೆಯಬೇಕು.

ಎಷ್ಟು ಬಾಲ ಬೇಕೆಂದು ತಿಳಿಯಲು ಮೊದಲು ಕ್ಯಾಮೆರಾವನ್ನು ಪೂರ್ತಿ ಸಜ್ಜು ಮಾಡಿ: ಬ್ಯಾಟರಿ, ಕಾರ್ಡ್, ಕೇಬಲ್ ಎಲ್ಲ ಇರಲಿ, ಲೆನ್ಸ್ ಕ್ಯಾಪ್ ತೆಗೆಯಿರಿ. ದುಂಡು ಪೆನ್ಸಿಲ್ ಮೇಲೆ ಅಡ್ಡಲಾಗಿ ಇಟ್ಟು, ಹಿಂದೆ ಮುಂದೆ ಉರುಳಿಸಿ, ತಕ್ಕಡಿಯಂತೆ ನಿಂತ ಕಡೆ ಬಾಡಿಯ ಪಕ್ಕಕ್ಕೆ ಟೇಪ್ ಹಚ್ಚಿ ಗೆರೆ ಎಳೆಯಿರಿ. ಹಿಂಭಾರದ ಕ್ಯಾಮೆರಾದಲ್ಲಿ ಸ್ಕ್ರೂ ತೂತು ಈ ಗೆರೆಗಿಂತ ಮುಂದೆ ಇರುತ್ತದೆ. ಆ ಅಂತರ ಬರೆದುಕೊಳ್ಳಿ. ಇದನ್ನು ಅತಿ ಹಗುರ ಲೆನ್ಸಿಗೊಮ್ಮೆ, ಅತಿ ಭಾರದ್ದಕ್ಕೊಮ್ಮೆ ಮಾಡಿ. ನನಗೆ 35ರಲ್ಲಿ ಸುಮಾರು 45 ಮಿ.ಮೀ., 24-70ರಲ್ಲಿ 20ರ ಹತ್ತಿರ ಬಂತು. ಗಿಂಬಲ್‌ನಲ್ಲಿ ಎರಡು ಅಳತೆ: ಟಿಲ್ಟ್ ಅಚ್ಚಿನಿಂದ ಕ್ಲಾಂಪಿನ ಹಿಂಬದಿ ಅಂಚಿಗೆ ನನ್ನಲ್ಲಿ 50, ರೋಲ್ ಮೋಟಾರಿಗೆ 130.

ಬಾಲದ ಕನಿಷ್ಠ ಉದ್ದ ಹಗುರ ಲೆನ್ಸಿನಿಂದ ಬರುತ್ತದೆ: 45 ಕೂಡಿಸು 50, ಮೇಲೆ 5 ಉಳಿಕೆ, ಅಂದರೆ 100. ಗರಿಷ್ಠ ಉದ್ದ ಭಾರದ ಲೆನ್ಸಿನಿಂದ: 20 ಕೂಡಿಸು 130, ಸಂದಿಗೆ 10 ಕಳೆ, ಅಂದರೆ 140. ಗಿಂಬಲ್ ಜೊತೆ ಬಂದ ಪ್ಲೇಟಿನ ಬಾಲ 80 ಇತ್ತು. ಆ 20 ಮಿ.ಮೀ. ಕೊರತೆ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ. 200ರ ಪಟ್ಟಿಯ ಬಾಲ 185, ಅದು ಬಡಿಯದೆ ಇನ್ನೇನು? ಈಗಿರುವುದು 140 ಉದ್ದ, 8 ದಪ್ಪ, ತೂತು ಮುಂದಿನ ಅಂಚಿನಿಂದ 15. ಬಾಲ 125.

ಬ್ಯಾಟರಿಯ ಬೆನ್ನನ್ನು ಮಾತ್ರ ಭಾರದ ಲೆನ್ಸ್ ಹಾಕಿಯೇ ನೋಡಬೇಕು, ಏಕೆಂದರೆ ಆಗ ಕ್ಯಾಮೆರಾ ಹಿಂದೆ ಸರಿಯುತ್ತದೆ. ಗೆರೆಯಿಂದ ಬ್ಯಾಟರಿಯ ಮೂಲೆವರೆಗಿನ ದೂರ ಮೋಟಾರಿನ ದೂರಕ್ಕಿಂತ ಕಡಿಮೆ ಇರಲೇಬೇಕು. ಇಲ್ಲಿ ಕೊರತೆ ಬಿದ್ದರೆ ಲೋಕದ ಯಾವ ಪ್ಲೇಟೂ ಉಳಿಸುವುದಿಲ್ಲ.

ಕ್ಲಾಂಪಿನ ವಿಷಯದಲ್ಲಿ ನನ್ನ ಪಕ್ಷಪಾತ ಸ್ಕ್ರೂ ಗುಬ್ಬಿಯ ಕಡೆಗೆ. ಆರ್ಕಾ, ಮ್ಯಾನ್‌ಫ್ರೊಟೊ ಎಂಬುವು ಪ್ಲೇಟಿನ ಎರಡು ಮಾದರಿಗಳು. ಆರ್ಕಾ ಪ್ಲೇಟಿನ ಅಗಲ 38 ಮಿ.ಮೀ. ಎಂದು ಹೆಸರಿಗೆ. ಒಬ್ಬ ತಯಾರಕನಿಂದ ಇನ್ನೊಬ್ಬನಿಗೆ ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತದೆ, ಲಿವರ್ ಕ್ಲಾಂಪ್ ಅದನ್ನು ಕ್ಷಮಿಸುವುದಿಲ್ಲ. ಡಿಜೆಐ ಆರ್‌ಎಸ್ 2ರಂತೆ ಮೇಲೆ ಆರ್ಕಾ, ಕೆಳಗೆ ಮ್ಯಾನ್‌ಫ್ರೊಟೊ ಎಂಬ ಎರಡು ಅಂತಸ್ತು ಇರುವಲ್ಲಿ ಮೇಲಿನದನ್ನು ಬಿಟ್ಟು ಕೆಳಗಿನದಕ್ಕೇ ನೇರ ಕೂರಿಸಿದರೆ ಎತ್ತರವೂ ಉಳಿಯುತ್ತದೆ, ಸಡಿಲವೂ ಒಂದು ಕಡಿಮೆ.

ಬಾಲ ಹಿಂದಕ್ಕೆ ಬರಲೆಂದು ಪ್ಲೇಟನ್ನು ತಿರುಗಿಸಿ ಹಾಕಿದರೆ ಬೀಳದಂತೆ ತಡೆಯುವ ಪುಟ್ಟ ಸ್ಕ್ರೂ ತಪ್ಪು ತುದಿಗೆ ಹೋಗುತ್ತದೆ. ಬಿಚ್ಚಿ ಇನ್ನೊಂದು ತುದಿಗೆ ಹಾಕುವವರೆಗೆ ಕ್ಯಾಮೆರಾದಿಂದ ಕೈ ತೆಗೆಯಬೇಡಿ. ಒಂದೇ 1/4-20 ಸ್ಕ್ರೂ ಮೇಲೆ ಇಷ್ಟು ಭಾರ ತಿರುಗಿಕೊಳ್ಳುತ್ತದೆ, ಎರಡು ಸ್ಕ್ರೂ ಇಲ್ಲವೇ ಒಂದು ಸ್ಕ್ರೂ ಜೊತೆ ಪಿನ್ ಬೇಕು. ಪ್ಲೇಟ್ ಬದಲಾದಾಗ ಸ್ಕ್ರೂ ಉದ್ದವನ್ನೂ ನೋಡಿ. ತೂತಿನ ತಳಕ್ಕೆ ತಾಗಿದ ಸ್ಕ್ರೂ ಬಿಗಿಯಾದಂತೆ ಕಾಣುತ್ತದೆ, ಪ್ಲೇಟ್ ಮಾತ್ರ ಅಲ್ಲಾಡುತ್ತಿರುತ್ತದೆ. ನನ್ನ ಕ್ಲಾಂಪಿನ ಒಳಗೆ ಒಂದು ತೆಳು ಪಟ್ಟಿ ಅಂಟಿದೆ, ಗುಂಯ್ ಸದ್ದು ನಿಂತದ್ದು ಅದರಿಂದಲೂ ಹೌದು. ಅದು ಯಾವುದರದ್ದೆಂದು ಇಲ್ಲಿ ಬರೆಯುವುದಿಲ್ಲ. ನಾಲ್ಕು ಬಗೆಯದು ಪ್ರಯತ್ನಿಸಿದರೆ ನಿಮಗೂ ಸಿಕ್ಕೀತು.

ನಡುವೆ ಒಂದು ಅಡ್ಡದಾರಿಯನ್ನೂ ನೋಡಿ ಬಂದೆ. ವಿ-ಮೌಂಟನ್ನು ಬೆನ್ನಿನಿಂದ ಕಿತ್ತು, ಬಾಡಿಗೆ ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗದಲ್ಲಿ ಕೂತು ಕೇಬಲ್‌ನಿಂದ ವಿದ್ಯುತ್ ಪಡೆಯುವ ತುಂಡು) ಹಾಕಿ, ಗಿಡ್ಡ ಕೇಬಲ್‌ನಿಂದ ತಲೆಯ ಮೇಲೆ ಕೂರಿಸುವುದು. 600 ಗ್ರಾಂ 90 ಮಿ.ಮೀ. ಮುಂದೆ ಬಂದರೆ ಅದೇ 54,000, ಒಂದು ಗ್ರಾಂ ಕೂಡ ಸೇರಿಸದೆ. ಕಾಗದದ ಮೇಲೆ ಬಲು ಚೆಂದ. ಗಿಂಬಲ್ ಮೇಲೆ ತಲೆಭಾರ. ಎತ್ತರದ ಹೊಂದಾಣಿಕೆಯಲ್ಲಿ ಜಾಗ ಮಿಕ್ಕಿರುವವರಿಗೆ ಇದೇ ಅಗ್ಗದ ದಾರಿ, ನನಗೆ ಮಿಕ್ಕಿರಲಿಲ್ಲ. ಬ್ಯಾಟರಿಯನ್ನು ಹಿಡಿಕೆಗೇ ಕಟ್ಟಿಯೂ ನೋಡಿದೆ. ಮೂರು ಅಚ್ಚು ದಾಟಿ ಬರುವ ಕೇಬಲ್ ಎಷ್ಟೇ ತೆಳುವಿದ್ದರೂ ಪ್ಯಾನ್ ಮಾಡಿದಾಗ ಕಿವಿ ಹಿಡಿದು ಹಿಂದಕ್ಕೆ ಎಳೆಯುತ್ತದೆ.

ಈಗ ಪ್ಲೇಟಿನ ಅಂಚಿಗೆ ಮೊಳೆಯಿಂದ ಎರಡು ಗೀರು ಹಾಕಿದ್ದೇನೆ, ಒಂದು 35ಕ್ಕೆ, ಇನ್ನೊಂದು 24-70ಕ್ಕೆ. ಮಾರ್ಕರ್ ಗುರುತು ಎರಡೇ ದಿನಕ್ಕೆ ಬೆವರಿಗೆ ಅಳಿಸಿತು. ಜೂಮ್ 24ರಿಂದ 70ಕ್ಕೆ ಹೋದಾಗ ಕೊಳವೆ ಹೊರಬಂದು ತೂಕ ಸ್ವಲ್ಪ ಮುಂದೆ ಸರಿಯುತ್ತದೆ, ಅದಕ್ಕೆ ಆ ಗೀರನ್ನು 50ರಲ್ಲಿ ಇಟ್ಟು ತೂಗಿಸಿಯೇ ಹಾಕಿದ್ದು.