‘ಇಲ್ಲೊಂದ್ ಸೈನ್ ಮಾಡ್ರಿ’ ಅನ್ನುವ ಮುಂಚೆ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು. ಕೋಚಿಂಗ್ ಕ್ಲಾಸು ಬಿಟ್ಟು ಬಂದವನೊಬ್ಬ ಚಹಾ ಕುಡಿಯುತ್ತಿದ್ದಾನೆ. ಮನಶ್ಶಾಸ್ತ್ರ ಓದುವ ಹುಡುಗಿ ಪ್ಯಾಡು ಹಿಡಿದು ಹತ್ತಿರ ಹೋಗುತ್ತಾಳೆ. "ಅಣ್ಣಾರ, ಇಲ್ಲೊಂದ್ ಸೈನ್ ಮಾಡ್ರಿ, ಪ್ರಾಜೆಕ್ಟ್ ಐತ್ರಿ." ಆತ ಕಪ್ಪು ಕೆಳಗಿಡದೆ ಸಹಿ ಗೀಚುತ್ತಾನೆ. ಎರಡನೇ ಪುಟ ತಿರುವಿದರೆ, ಬದುಕೇ ಬೇಡ ಅನಿಸಿದ್ದುಂಟಾ ಎಂಬ ಪ್ರಶ್ನೆ. ಚಹಾ ಅರ್ಧಕ್ಕೇ ಉಳಿಯುತ್ತದೆ.

ಇಂಥ ಪ್ರಾಜೆಕ್ಟುಗಳನ್ನು ತಿದ್ದಿ ತಿದ್ದಿ ಒಂದು ಗೊತ್ತಾಗಿದೆ. ಎಡವಟ್ಟು ಆಗುವುದು ಎರಡೇ ಕಡೆ: ಒಪ್ಪಿಗೆ ಕೇಳುವಾಗ, ಆಮೇಲೆ ಉತ್ತರಗಳನ್ನು ಅಂಕಿ ಮಾಡುವಾಗ.

ಮೊದಲ ಹೆಜ್ಜೆ ಸುಲಭ. ವಿಷಯ ಆರಿಸಿ, ಗೈಡ್‌ಗೆ ತೋರಿಸಿ, ಸಂಶೋಧನೆಯಿಂದ ಯಾರಿಗೂ ಕೇಡಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಗೆ ಅರ್ಜಿ ಕೊಡಿ. ಅಲ್ಲಿಂದ ಹೂಂ ಬರುವವರೆಗೆ ಯಾರಿಗೂ ಒಂದು ಪ್ರಶ್ನೆಯನ್ನೂ ಕೇಳಬೇಡಿ.

ಎರಡನೆಯದು ಪ್ರಶ್ನಾವಳಿ. ಇಂಗ್ಲಿಷಿನದನ್ನು ಮೊಬೈಲಿನಲ್ಲಿ ಅನುವಾದಿಸಿ ಜೆರಾಕ್ಸ್ ಮಾಡಿಸುವ ಚಾಳಿ ಬಿಡಿ. ಬೇಜಾರಾಗಿದೆ ಅನ್ನಬೇಕಾದಲ್ಲಿ "ನಾನು ನೀಲಿಯಾಗಿದ್ದೇನೆ" ಅಂತ ಅಚ್ಚಾದದ್ದನ್ನು ನಾನೇ ನೋಡಿದ್ದೇನೆ. ಒಬ್ಬರು ಕನ್ನಡಕ್ಕೆ ತರಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯಲಿ. ಎರಡನ್ನೂ ಹೋಲಿಸಿ. ಕೆಲವು ಪ್ರಶ್ನಾವಳಿಗಳಿಗೆ ಹಕ್ಕುದಾರರ ಅನುಮತಿ ಬೇಕು, ಅದನ್ನೂ ನೋಡಿಕೊಳ್ಳಿ.

ಮೂರನೆಯದು ಒಪ್ಪಿಗೆ. ಇಲ್ಲಿ ನಿಧಾನ ಮಾಡಿ. ಕಾಗದ ಕೊಡುವ ಮುಂಚೆ ಬಾಯಲ್ಲಿ ಹೇಳಿ, ಅದೂ ಅವರ ಮಾತಿನಲ್ಲಿ. ನಾನು ಹುಡುಗರಿಗೆ ಬಾಯಿಪಾಠ ಮಾಡಿಸುವುದು ಹೀಗೆ: "ಪರೀಕ್ಷೆ ತಯಾರಿ ಮಾಡೋರಿಗೆ ನಿದ್ದಿ, ಚಿಂತಿ ಹೆಂಗ್ ಇರ್ತಾವ ಅಂತ ಕೇಳಾಕ ಬಂದೀನ್ರಿ. ಇಪ್ಪತ್ತು ನಿಮಿಷ ಹಿಡಿತೈತಿ. ಕೆಲವು ಪ್ರಶ್ನಿ ಮನಸಿಗೆ ತ್ರಾಸ ಕೊಡಬಹುದು. ಬ್ಯಾಡ ಅನಿಸಿದ್ರ ನಡುವ ಬಿಡ್ರಿ, ಯಾಕ ಅಂತ ಕೇಳೂದಿಲ್ಲ." ಇಷ್ಟು ಹೇಳಿ ಸುಮ್ಮನಿರಿ. ಅವರು ಪ್ರಶ್ನೆ ಕೇಳಲಿ. ಸಹಿ ಆಮೇಲೆ. ಒಂದು ಪ್ರತಿ ಅವರ ಕೈಯಲ್ಲಿ ಉಳಿಯಬೇಕು.

ನಡುವೆ ಬಿಡಬಹುದು ಅನ್ನುವ ಮಾತನ್ನು ಯಾರೂ ಹಗುರ ಮಾಡಬೇಡಿ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್‌ಗ್ರಾಂ ನಡೆಸಿದ ಪ್ರಯೋಗದಲ್ಲಿ, ಇನ್ನೊಬ್ಬ ತಪ್ಪು ಉತ್ತರ ಕೊಟ್ಟಾಗೆಲ್ಲ ಗುಂಡಿ ಒತ್ತಿ ಅವನಿಗೆ ಕರೆಂಟ್ ಶಾಕ್ ಕೊಡಿ ಅಂತ ಜನರಿಗೆ ಹೇಳಿದ್ದರು. ಅವರು ಸಾಕು ಅಂದಾಗ, ಮುಂದುವರಿಸಲೇಬೇಕು ಅಂತ ಒತ್ತಾಯಿಸಿದರು. ಮೊದಲು ಪ್ರಕಟವಾದ ವರದಿಯಂತೆ 40ರಲ್ಲಿ 26 ಮಂದಿ ಕೊನೆಯ 450 ವೋಲ್ಟ್ ಗುಂಡಿಯವರೆಗೂ ಹೋದರು. ಶಾಕ್ ಸುಳ್ಳು, ಆದರೆ ಅವರು ಬೆವರಿದ್ದು, ನಡುಗಿದ್ದು ನಿಜ. ನಮ್ಮಲ್ಲಿ ಒತ್ತಾಯ ಬೇರೆ ವೇಷದಲ್ಲಿ ಬರುತ್ತದೆ. ಮೇಷ್ಟ್ರು ಕ್ಲಾಸಿಗೆ ಬಂದು "ಎಲ್ಲಾರೂ ತುಂಬಿ ಕೊಡ್ರಿ" ಅಂದರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಫಾರ್ಮು ಹಂಚುವಾಗ ಮೇಷ್ಟ್ರು ಹೊರಗಿರಲಿ.

18 ತುಂಬದವರಾದರೆ ಪಾಲಕರ ಒಪ್ಪಿಗೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 12 ದಾಟಿದ ಮಕ್ಕಳಿಂದಲೂ ಬರಹದಲ್ಲಿ ಸಮ್ಮತಿ ಪಡೆಯಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ, ನಿಮ್ಮ ಕಡೆಯವರಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಲಿ.

ಇನ್ನು ಎರಡನೇ ಪುಟದ, ಬದುಕೇ ಬೇಡ ಅನಿಸಿದ್ದುಂಟಾ ಅನ್ನುವ ಆ ಪ್ರಶ್ನೆ. ಯಾರಾದರೂ ಹೌದು ಅಂತ ಟಿಕ್ ಹಾಕಿದರೆ ಏನು ಮಾಡುತ್ತೀರಿ? ಉತ್ತರ ಗೊತ್ತಿಲ್ಲದಿದ್ದರೆ ಆ ಪ್ರಶ್ನೆ ಕೇಳಬೇಡಿ. ಕೇಳಿದರೆ ಫಾರ್ಮನ್ನು ಅಲ್ಲೇ ನೋಡಿ, ಗೈಡ್‌ಗೆ ಅದೇ ದಿನ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಒಪ್ಪಿಗೆ ಪತ್ರದಲ್ಲೇ ಅಚ್ಚಾಗಿರಲಿ. ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇರುವುದು ನಮ್ಮ ಧಾರವಾಡದಲ್ಲೇ ಅಲ್ವಾ, ದಾರಿ ಹೇಳಿ ಕಳಿಸಿ.

ಗುಟ್ಟು ಕಾಯುವುದು ನಾಲ್ಕನೆಯದು. ಹೆಸರಿನ ಬದಲು ಕೋಡ್ ನಂಬರ್ ಹಾಕಿ, ಯಾವ ನಂಬರ್ ಯಾರದು ಅನ್ನುವ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿಡಿ. ಹೆಸರು ಕೇಳಿಲ್ಲ ಅಂದಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ನಲವತ್ತು ಜನ ಕೂರುವ ಓದುಕೋಣೆಯಲ್ಲಿ ವಯಸ್ಸು, ಊರು, ಬರೆಯುವ ಪರೀಕ್ಷೆ ಮೂರೂ ಕೇಳಿದರೆ ಯಾರೆಂದು ಪಕ್ಕದವನೇ ಹೇಳುತ್ತಾನೆ. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹಿಸುವ ಆಯ್ಕೆ ಆಫ್ ಇದೆಯಾ ನೋಡಿ.

ಐದನೆಯದು ಡೇಟಾ. ಮಾತಿನ ರೂಪದ್ದನ್ನು, ಅಂದರೆ ಸಂದರ್ಶನ, ದಿನಚರಿ ಇಂಥವನ್ನು, ಅಂಕಿ ಮಾಡಲು ಅವಸರ ಪಡಬೇಡಿ. ಅಂಕಿಗಳನ್ನು ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲೇ ನಾಲ್ಕು ಬಗೆ ಮಾಡಿಟ್ಟಿದ್ದಾರೆ. ಒಬ್ಬ ಹುಡುಗ ಗದಗಕ್ಕೆ 1, ಹಾವೇರಿಗೆ 2, ಧಾರವಾಡಕ್ಕೆ 3 ಅಂತ ಕೋಡ್ ಕೊಟ್ಟು ಎಕ್ಸೆಲ್‌ನಲ್ಲಿ ಸರಾಸರಿ ತೆಗೆದಿದ್ದ. 2 ಬಂತು. ಧಾರವಾಡ ಮತ್ತು ಗದಗ ಸೇರಿ ಭಾಗಿಸಿದರೆ ಹಾವೇರಿ! ಇವು ಮೊದಲ ಬಗೆ, ಬರೀ ಗುರುತಿನ ಅಂಕಿ, ಎಣಿಸಬಹುದು ಅಷ್ಟೇ.

"ಪೂರ್ತಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ವರೆಗಿನ ಉತ್ತರಗಳು ಎರಡನೇ ಬಗೆ, ದರ್ಜೆಯವು. ಮೇಲೆ ಕೆಳಗೆ ಗೊತ್ತು, ಮೆಟ್ಟಿಲಿನ ಎತ್ತರ ಗೊತ್ತಿಲ್ಲ. ಒಂದೇ ಪ್ರಶ್ನೆಗೆ 3.27 ಸರಾಸರಿ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ. ಮಧ್ಯಾಂಕ, ಅಂದರೆ ಉತ್ತರಗಳನ್ನು ಸಾಲಾಗಿಟ್ಟಾಗ ನಟ್ಟನಡುವೆ ಬರುವುದನ್ನು, ಕೊಡಿ, ಎಷ್ಟು ಜನ ಯಾವ ಉತ್ತರ ಕೊಟ್ಟರು ಅಂತ ಬರೆಯಿರಿ. ಹತ್ತಾರು ಪ್ರಶ್ನೆ ಕೂಡಿಸಿದ ಒಟ್ಟು ಅಂಕದ ಸರಾಸರಿ ತೆಗೆಯುವ ರೂಢಿ ಇದೆ, ಅದಕ್ಕೆ ತಕರಾರಿಲ್ಲ. ಸೆಲ್ಸಿಯಸ್‌ನಲ್ಲಿ ಮೆಟ್ಟಿಲು ಸಮ, ಇದು ಮೂರನೇ ಬಗೆ, ಆದರೆ 40 ಡಿಗ್ರಿ 20ರ ಎರಡು ಪಟ್ಟು ಬಿಸಿಯಲ್ಲ. ನಾಲ್ಕನೇ ಬಗೆಯ ನಿದ್ದೆಯ ಗಂಟೆ ಮಾತ್ರ ಅಪ್ಪಟ ಅಂಕಿ: ಎಂಟು ನಾಲ್ಕರ ದುಪ್ಪಟ್ಟು, ಸೊನ್ನೆ ಅಂದರೆ ನಿದ್ದೆಯೇ ಇಲ್ಲ. ಹಾಗಾಗಿ "ಸರಿಯಾಗಿ ನಿದ್ದೆ ಬರುತ್ತದಾ?" ಅನ್ನುವುದಕ್ಕಿಂತ ಎಷ್ಟು ಗಂಟೆ ಅಂತಲೇ ಕೇಳಿ.

ಕಡಿಮೆ ಬಿದ್ದ ಫಾರ್ಮುಗಳನ್ನು ಹಾಸ್ಟೆಲಿನಲ್ಲಿ ಕೂತು ತಾವೇ ತುಂಬುವವರೂ ಇದ್ದಾರೆ. ಒಂದೇ ಪೆನ್ನು, ಒಂದೇ ಕಡೆ ವಾಲಿದ ಟಿಕ್. ನೋಡಿದ ಕೂಡಲೇ ತಿಳಿಯುತ್ತದೆ. ನೂರು ಜನ ಅಂತ ಹೊರಟು 83 ಸಿಕ್ಕರೆ, ವರದಿಯಲ್ಲಿ 83 ಅಂತಲೇ ಬರೆಯಿರಿ.