ಹೊಳೆ ಮೀನಿನ ಹೊಟ್ಟೆಯಲ್ಲಿ ಹುಳ ಕಂಡರೆ

ಹೋದ ವರ್ಷ ಸೊಸೆ ಕೊರವ ಮೀನಿನ ಹೊಟ್ಟೆ ಸೀಳಿದವಳು ಕಿರುಚಿಕೊಂಡು ಎದ್ದಳು. "ಅತ್ತೆ, ಕೆಂಪು ದಾರದ ಥರ ಏನೋ ಹೊರಳ್ತಾ ಇದೆ!" ಇಡೀ ಮೀನನ್ನು ತಿಪ್ಪೆಗೆ ಎಸೆಯಲು ಹೊರಟಿದ್ದಳು. ನಾನು ತಡೆದೆ.

ಹೊಳೆ, ಕೆರೆ, ಗದ್ದೆ ಹಳ್ಳದ ಮೀನಿನಲ್ಲಿ ಹುಳ ಇರುವುದು ಹೊಸದಲ್ಲ. ನೀರುಕಾಗೆ, ಬಕದಂಥ ಹಕ್ಕಿಗಳ ಹೊಟ್ಟೆಯಲ್ಲಿ ಇಂಥ ಕೆಲವು ಹುಳ ಬಲಿಯುತ್ತವೆ. ಹಿಕ್ಕೆಯ ಜೊತೆ ಮೊಟ್ಟೆ ನೀರಿಗೆ ಬೀಳುತ್ತದೆ. ಅಲ್ಲಿಂದ ಬಸವನಹುಳುವಿನಂಥ ಸಣ್ಣ ಜೀವಕ್ಕೆ, ಆಮೇಲೆ ಮೀನಿಗೆ. ಆ ಮೀನನ್ನು ಮತ್ತೆ ಹಕ್ಕಿ ತಿಂದರೆ ಒಂದು ಸುತ್ತು ಮುಗಿಯಿತು. ಕೊರವದಲ್ಲಿ ಕೆಂಪು ದಾರದ ಹುಳ ಸಿಗುತ್ತದೆ. ಕೆಲವು ಮೀನಿನ ಮಾಂಸದಲ್ಲಿ ಅಕ್ಕಿ ನುಚ್ಚಿನಷ್ಟು ಹಳದಿ ಗಂಟು ಇರುತ್ತದೆ. ಬಾಳೆ ಮೀನಿನ ಗಾಳಿಚೀಲದಲ್ಲಿ ಎಲೆಯಂಥ ಚಪ್ಪಟೆ ಹುಳವೂ ಉಂಟು. ಹೊಟ್ಟೆ ಉಬ್ಬಿದ್ದೆಲ್ಲ ಮೊಟ್ಟೆ ಮೀನಲ್ಲ ಅನ್ನುವುದು ಮಳೆಗಾಲದಲ್ಲಿ ಮೊಟ್ಟೆಯಿಡಲು ಹರಿವಿಗೆದುರಾಗಿ ಹತ್ತಿ ಬರುವ ಹತ್ತುಮೀನು ನೋಡಿದವರಿಗೆ ಗೊತ್ತೇ ಇದೆ, ಅಲ್ವಾ?

ಹುಳ ಕರುಳಿನ ಹತ್ತಿರ ಮಾತ್ರ ಇದ್ದರೆ ತೆಗೆದು ಹಾಕಿ, ಮೀನು ತೊಳೆದು ಸಾರು ಮಾಡಿ. ಮಾಂಸದ ತುಂಬ ಗಂಟಿದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ತಿಂದರೆ ಏನಾಗುತ್ತದೋ ಅಂತಲ್ಲ, ಬಾಯಿಗೆ ಹೋಗುವುದಿಲ್ಲ ಅಷ್ಟೇ. ಮೀನು ತಂದ ಕೂಡಲೇ ಹೊಟ್ಟೆ ಸೀಳಬೇಕು. ಮೀನು ಸತ್ತ ಮೇಲೆ ಕೆಲವು ಜಾತಿಯ ಹುಳ ಕರುಳು ಬಿಟ್ಟು ಮಾಂಸಕ್ಕೆ ಇಳಿಯುತ್ತದೆ. ಸಂಜೆ ತಂದದ್ದನ್ನು ಬೆಳಿಗ್ಗೆ ಮಾಡಿದರಾಯ್ತು ಅನ್ನುವ ಸೋಮಾರಿತನ ಇಲ್ಲಿ ಬೇಡ.

ಕಣ್ಣಿಗೆ ಕಂಡ ಹುಳಕ್ಕಿಂತ ನನಗೆ ಕಾಣದ ಹುಳದ ಭಯವೇ ಜಾಸ್ತಿ. ಥೈಲ್ಯಾಂಡಿನ ಈಶಾನ್ಯ ಭಾಗ ಮತ್ತು ಲಾವೋಸ್ ಕಡೆ ಹಸಿ ಹೊಳೆ ಮೀನನ್ನು ಕೊಚ್ಚಿ, ಹುಳಿ ಖಾರ ಹಾಕಿ ತಿನ್ನುವ ರೂಢಿ ಇದೆ. ಕೊಯ್ ಪ್ಲಾ ಅಂತಾರೆ. ಅದರಲ್ಲಿರುವ ಹುಳದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಪಿತ್ತನಾಳದಲ್ಲಿ ವರ್ಷಗಟ್ಟಲೆ ಕೂತು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ನಿಂಬೆಹುಳಿಗೆ ಅದು ಸಾಯುವುದಿಲ್ಲ. ನಮ್ಮ ವಾಟೆಹುಳಿ, ಉಪ್ಪು, ಅರಿಶಿನವನ್ನೂ ನಂಬಬೇಡಿ. ಮಸಾಲೆ ಸವರಿಟ್ಟರೆ ರುಚಿ ಹಿಡಿಯುತ್ತದೆ, ಹುಳ ಸಾಯುತ್ತದೆ ಅಂತೇನಿಲ್ಲ.

ಸಾಯುವುದು ಬೆಂಕಿಗೆ. ಮೀನಿನ ನಡುಭಾಗ 63 ಡಿಗ್ರಿ ಮುಟ್ಟಬೇಕು ಅಂತಾರೆ. ಅಳೆಯಲು ನಮ್ಮ ಅಡುಗೆಮನೆಯಲ್ಲಿ ಏನಿದೆ? ದಪ್ಪ ತುಂಡನ್ನು ಬಿಡಿಸಿ ನೋಡಿ. ಮಾಂಸ ಪೂರ್ತಿ ಬೆಳ್ಳಗಾಗಿ ಮುಳ್ಳಿನಿಂದ ಸಲೀಸಾಗಿ ಬಿಟ್ಟಿರಬೇಕು. ಮುಳ್ಳಿನ ಪಕ್ಕ ಗಾಜಿನಂತೆ ಹೊಳೆಯುತ್ತಿದ್ದರೆ ಇನ್ನೂ ಬೇಯಬೇಕು. ನಮ್ಮ ಹುಡುಗರು ಹೊಳೆದಂಡೆಯಲ್ಲಿ ಕೆಂಡದ ಮೇಲೆ ಸುಟ್ಟು ತಿನ್ನುತ್ತಾರಲ್ಲ, ಹೊರಗೆ ಕರಿ, ಒಳಗೆ ಹಸಿ. ಅದಕ್ಕೆ ಬೈಯ್ತೀನಿ. ಸಣ್ಣ ಮೀನಾದರೂ ತಿರುವಿ ತಿರುವಿ ಸುಡಿ. ಫ್ರಿಜ್ಜಿನಲ್ಲಿ ಇಟ್ಟೆ, ಹುಳ ಸತ್ತಿತು ಅಂದುಕೊಳ್ಳಬೇಡಿ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇರಬೇಕು. ಮನೆಯ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದು ಕಷ್ಟ.

ಇನ್ನು ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಜಂತುಹುಳದ ಮಾತ್ರೆ. ಅದು ಮಣ್ಣಿನಿಂದ ಬರುವ ಹುಳಕ್ಕೆ. ಮೀನಿನ ಹುಳ ಹಲವು ಜಾತಿ, ಮದ್ದೂ ಬೇರೆ ಬೇರೆ. ಅರೆಬೆಂದ ಮೀನು ತಿಂದ ಮೇಲೆ ಹೊಟ್ಟೆನೋವು ನಿಲ್ಲದಿದ್ದರೆ, ಚರ್ಮದ ಕೆಳಗೆ ಜಾಗ ಬದಲಿಸುವ ಬಾವು ಬಂದರೆ, ಡಾಕ್ಟರಿಗೆ ಮೀನು ತಿಂದದ್ದನ್ನು ಬಾಯಿ ಬಿಟ್ಟು ಹೇಳಿ.

ಕರುಳು, ಕಿವಿರು ಎಲ್ಲ ಹೊಂಡ ತೋಡಿ ಹೂಳಿ, ಹಳ್ಳಕ್ಕೆ ಎಸೆಯಬೇಡಿ. ಮೆಟ್ಟುಗತ್ತಿಯನ್ನು ಸೋಪು ಹಾಕಿ ತೊಳೆದೇ ಸೌತೆಕಾಯಿ ಹೆಚ್ಚಿ. ಬೆಕ್ಕಿಗೂ ಹಸಿ ಮೀನು ಕೊಡಬಾರದು, ಅದಕ್ಕೂ ಹುಳ ಹತ್ತುತ್ತದೆ. ನಮ್ಮನೆ ಬೆಕ್ಕು ಈಗ ಒಲೆಯ ಮುಂದೆ ಕೂತು ಬೆಂದ ತಲೆಗೆ ಕಾಯುತ್ತದೆ.